ಹಸಿದ ಕೌದಿ

ನನ್ನ ಕೊರಳಿಗೆ ಅವರು ಒಂದು ನೀಲಿ ಪಟ್ಟಿ ಹಾಕಿದರು. ಪಟ್ಟಿಯ ತುದಿಗೆ ಒಂದು ಕಾರ್ಡು, ಕಾರ್ಡಿನ ಮೇಲೆ ‘ಸಂಪನ್ಮೂಲ ವ್ಯಕ್ತಿ’ ಎಂಬ ಅಚ್ಚು. ಮೂವತ್ತು ವರ್ಷಕ್ಕೂ ಮೇಲೆ ಶಾಲೆಯಲ್ಲಿ ಗಂಟಲು ಹರಿದುಕೊಂಡಾಗ ಯಾರೂ ನನ್ನನ್ನು ಸಂಪನ್ಮೂಲ ಅಂದಿರಲಿಲ್ಲ. ಹಿಗ್ಗಿಬಿಟ್ಟೆ. ಆ ಹಿಗ್ಗಿಗೆ ನನ್ನ ಅಪ್ಪ ಒಂದೂವರೆ ತಿಂಗಳು ಥಂಡಿಯಲ್ಲಿ ನಡುಗಿದರು. ಬೇರೆಯವರನ್ನು ಬೈಯುವ ಮೊದಲು ನನಗೆ ನಾನೇ ಒಂದು ಪೆಟ್ಟು ಕೊಟ್ಟುಕೊಳ್ಳುವುದು ನ್ಯಾಯ. ಕೊಟ್ಟುಕೊಂಡಾಯಿತು. ಇನ್ನು ಬೈಯುತ್ತೇನೆ.

ನಮ್ಮವ್ವ ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ. ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ಈಗ ಇರುವವರು ಅಪ್ಪ ಮತ್ತು ನಾನು. ಅಪ್ಪನಿಗೆ ಎಂಬತ್ತಾರು ದಾಟಿದೆ. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು, ಮನೆಯಲ್ಲೂ ಶಿರಸ್ತೇದಾರರೇ. ಮಡಿ, ಸಂಧ್ಯಾವಂದನೆ, ಏಕಾದಶಿ ಒಂದೂ ತಪ್ಪುವಂತಿಲ್ಲ. ಈರುಳ್ಳಿ, ನಮ್ಮ ಮಾತಿನ ಉಳ್ಳಾಗಡ್ಡಿ, ನಮ್ಮ ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ಈ ಅರವತ್ತೆರಡು ವರ್ಷಗಳಲ್ಲಿ ನಾನು ಕಂಡಿಲ್ಲ. ಅವ್ವ ಹಾಸಿಗೆ ಹಿಡಿದಾಗ ಅಪ್ಪನ ಎದುರಿಗೇ ನನಗೆ ಹೇಳಿದ್ದಳು: “ನನ್ನ ಸೀರಿ ಯಾರಿಗೂ ಹಂಚಬ್ಯಾಡ. ಎಲ್ಲಾ ಕೂಡಿಸಿ ಒಂದು ಕೌದಿ ಹೊಲಸು. ನಿಮ್ಮಪ್ಪಗ ಥಂಡಿ ತಡಿಯೂದಿಲ್ಲ.” ಅಪ್ಪ ಹದಿಮೂರನೆಯ ದಿನ ಮುಗಿದ ಮೇಲೆ ತಮ್ಮ ಹಾಸಿಗೆಯ ಮೇಲಿನ ಹೊದಿಕೆಯನ್ನೆಲ್ಲಾ ಮಡಚಿ ನನ್ನ ಕೈಗೆ ಕೊಟ್ಟು, “ಇನ್ನ ನಾ ಹೊದ್ದರ ಆಕೀ ಕೌದೀನ ಹೊದೀತೀನಿ. ಬ್ಯಾರೆ ಏನೂ ಬ್ಯಾಡ,” ಎಂದರು. ಹಟಕ್ಕೆ ಬಿದ್ದರೆ ನಮ್ಮಪ್ಪನನ್ನು ಅಲ್ಲಾಡಿಸುವುದು ಅವ್ವನಿಗೇ ಆಗಿರಲಿಲ್ಲ, ನನಗೆಲ್ಲಿಂದ ಆಗಬೇಕು.

ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಕೌದಿಗೇನೂ ಬರವಿಲ್ಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರ ಹಾಸಿ, ಮೇಲೆ ತುಂಡು ಅರಿವೆ ಕೂಡಿಸಿ, ಸಾಲು ಸಾಲಾಗಿ ಕೈಯಲ್ಲಿ ಹೊಲಿದ ಆ ಹೊದಿಕೆಗಳು ಅಟ್ಟದ ಮೇಲೆ ಜಂತಿ ಮುಟ್ಟುವಷ್ಟು ಒಟ್ಟಿವೆ. ಇರುವ ಮೂರು ಮಂದಿಗೆ ಇಷ್ಟು ಯಾಕೆಂದು ನಾನು ಅವ್ವನನ್ನು ಕಾಡಿಸುತ್ತಿದ್ದೆ. “ಇರ್ಲಿ ಬಿಡು, ಬಂದು ಹೋಗೂ ಮಂದಿ ಇರ್ತಾರ,” ಎನ್ನುತ್ತಿದ್ದಳು. ಬರುವ ಮಂದಿಯೂ ಅಷ್ಟಿರಲಿಲ್ಲ. ಆದರೂ ವರ್ಷಕ್ಕೊಂದು ಕೌದಿ ಹೊಲಿಸುವುದನ್ನು ಅವ್ವ ಬಿಡಲಿಲ್ಲ.

ಹೊಲಿಯುವವಳು ಗೊಳಸಂಗಿಯ ಹೆಂಗಸು. ನಾನು ಪರಕಾರ ಉಟ್ಟು ಓಡಾಡುವ ಕಾಲದಿಂದ ಬರುತ್ತಾಳೆ. ಎಂಟು ದಿನ ನಮ್ಮ ಹಿತ್ತಲಿನ ಬೇವಿನ ಮರದ ಕೆಳಗೆ ಕೂತು ಹೊಲಿಯುತ್ತಾಳೆ, ಸಂಜೆ ಬಸ್ಸಿಗೆ ಊರಿಗೆ ಹೋಗುತ್ತಾಳೆ. ಮಧ್ಯಾಹ್ನದ ಬುತ್ತಿ ತಾನೇ ಕಟ್ಟಿಕೊಂಡು ಬರುತ್ತಾಳೆ. ನಾವು ಅವಳನ್ನು ಚಿಗವ್ವ ಎನ್ನುತ್ತೇವೆ. ನಾನು ಶಿಕ್ಷಕಿಯಾದ ದಿನದಿಂದ ಅವಳು ನನ್ನನ್ನು ಅಕ್ಕೋರ ಎನ್ನುತ್ತಾಳೆ. ಈಗ ಎಪ್ಪತ್ತರ ಮೇಲಾಗಿದೆ, ಕಣ್ಣು ಮಂಜು, ಕೈ ಮಾತ್ರ ಮೊದಲಿನದೇ.

ಚಿಗವ್ವನ ಕೌದಿಗೆ ಒಂದು ಕಟ್ಟಳೆ ಇದೆ. ಎಲ್ಲಾ ಹೊಲಿದು ಮುಗಿದರೂ ಒಂದು ಮೂಲೆಯಲ್ಲಿ ಗೇಣುದ್ದ ಬಾಯಿ ಬಿಟ್ಟಿರುತ್ತಾಳೆ. ಒಳ್ಳೆಯ ದಿನ ನೋಡಿ ಆ ಬಾಯಿಗೆ ಹೋಳಿಗೆಯದೋ ಇನ್ನೊಂದರದೋ ಒಂದು ತುತ್ತು ಇಟ್ಟು, ಆಮೇಲೆ ಹೊಲಿದು ಮುಚ್ಚುತ್ತಾಳೆ. ಅಲ್ಲಿಯ ತನಕ ಕೌದಿ ಹೊಸ್ತಿಲು ದಾಟುವಂತಿಲ್ಲ. “ಹಸದ ಕೌದಿ ಹೊದ್ದವ್ರಿಗೆ ನಿದ್ದಿ ಹತ್ತಂಗಿಲ್ರಿ,” ಎನ್ನುತ್ತಾಳೆ. ನಾನು ವಿಜ್ಞಾನ ಕಲಿಸಿದವಳು, ಇದಕ್ಕೆಲ್ಲಾ ನಗುತ್ತಿದ್ದೆ.

ಮಳೆ ಮುಗಿದ ಮೇಲೆ ಚಿಗವ್ವ ಅವ್ವನ ಸೀರೆಗಳನ್ನು ಹಿಡಿದು ಕೂತಳು. ಅದೇ ಹೊತ್ತಿಗೆ ನಮ್ಮೂರಿಗೆ ಸಂರಕ್ಷಕ ಬಂದ. ಸಂರಕ್ಷಕ ನಾನಿಟ್ಟ ಹೆಸರು. ಅವನ ಕಾರ್ಡಿನಲ್ಲಿ ಇನ್ನೂ ಉದ್ದದ ಹೆಸರಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಈ ನಾಲ್ಕು ತಾಲ್ಲೂಕಿನ ಕೌದಿ ಕಲೆಯನ್ನು ಆಧುನಿಕ ತಂತ್ರಜ್ಞಾನದಿಂದ ಉಳಿಸುತ್ತೇವೆಂದು ಟೊಂಕ ಕಟ್ಟಿ ಬಂದ ತಂಡಕ್ಕೆ ಅವನು ಮುಖ್ಯಸ್ಥ. ನಮ್ಮ ಹೆಂಗಸರ ಮಾತು ಅವನಿಗೆ ತಿಳಿಯದು, ಅವನ ಮಾತು ನಮ್ಮ ಹೆಂಗಸರಿಗೆ ತಿಳಿಯದು. ನಡುವೆ ಒಬ್ಬ ದುಭಾಷಿ ಬೇಕಾಗಿತ್ತು. ಸಿಕ್ಕಳು, ನೀಲಿ ಪಟ್ಟಿಯವಳು.

ಊರಿನ ಕಲ್ಯಾಣ ಮಂಟಪದಲ್ಲಿ ತರಬೇತಿ ಏರ್ಪಾಟಾಯಿತು. ಹೊಲಿಗೆ ಹಾಕಿ ಹಾಕಿ ಬೆರಳು ಗಟ್ಟಿಯಾದ ಹೆಂಗಸರನ್ನು ನಾಲ್ಕೂ ಕಡೆಯಿಂದ ಕರೆಸಿ ಕುರ್ಚಿಯ ಮೇಲೆ ಕೂಡಿಸಿ, ಕೌದಿ ಎಂದರೇನು ಎಂದು ಸಂರಕ್ಷಕ ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದ. ಎಮ್ಮೆಗೆ ಈಜು ಕಲಿಸಿದಂತೆ! ಇಂಡಿಯ ಕಡೆಯ ಕೌದಿಗಳಲ್ಲಿ ಹಳದಿ ಬಣ್ಣ ಹೆಚ್ಚಾಗಿದೆ, ಇದು ಅಲ್ಲಿನ ಲಿಂಬೆ ತೋಟಗಳ ಸೌಂದರ್ಯ ಪ್ರಜ್ಞೆ ಎಂದ. ನನ್ನ ಪಕ್ಕದಲ್ಲಿದ್ದ ಚಿಗವ್ವ ಕಿವಿಯಲ್ಲಿ, “ಹಳದಿ ಸೀರಿ ಲಗೂನ ಬಣ್ಣ ಬಿಡ್ತಾವ್ರಿ, ಉಡಾಕ ಬರಂಗಿಲ್ಲ, ಕೌದಿಗೆ ಹಾಕ್ತಾರ,” ಎಂದಳು. ನಾನು ಅದನ್ನು ಅವನಿಗೆ ದಾಟಿಸಲಿಲ್ಲ. ಸಂಪನ್ಮೂಲ ವ್ಯಕ್ತಿಗೆ ಸಭ್ಯತೆ ಇರಬೇಕಲ್ಲ.

ಆಮೇಲೆ ಅರ್ಜಿ ತುಂಬುವ ಕಾರ್ಯಕ್ರಮ. ಸಂರಕ್ಷಕ ಟ್ಯಾಬ್ ಹಿಡಿದು ಚಿಗವ್ವನ ಮುಂದೆ ಬಂದು ಕೂತ.

“ಈ ಕಲಾಕೃತಿಗೆ ನಿಮ್ಮ ಪ್ರೇರಣೆ ಏನಮ್ಮ?”

“ಚಿಗವ್ವಾ, ಕೌದಿ ಯಾಕ ಹೊಲೀತಿ ಅಂತ ಕೇಳ್ಲಿಕತ್ತಾರ,” ಎಂದೆ.

ಚಿಗವ್ವ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. “ಥಂಡಿಗ್ರಿ,” ಎಂದಳು.

ಅವನು ಒಂದು ಗಳಿಗೆ ಯೋಚಿಸಿ, ‘ಪ್ರಕೃತಿಯೊಂದಿಗಿನ ಅವಿನಾಭಾವ ಸಂಬಂಧ’ ಎಂದು ಟೈಪು ಮಾಡಿಕೊಂಡ. ಕೊನೆಗೆ ಬಂದವರಿಗೆಲ್ಲಾ ಒಂದೊಂದು ಚೀಲ ಹಂಚಿದರು. ಚೀಲದಲ್ಲಿ ಒಂದು ಪುಸ್ತಕ, ಒಂದು ಪೆನ್ನು, ಹಣೆಗೆ ಕಟ್ಟಿಕೊಳ್ಳುವ ಒಂದು ಚಾರ್ಜಿಂಗ್ ದೀಪ. ಚಿಗವ್ವನಿಗೆ ಓದು ಬಾರದು, ಪುಸ್ತಕ ಪೆನ್ನು ಅಲ್ಲೇ ಕುರ್ಚಿಯ ಮೇಲೆ ಬಿಟ್ಟಳು. ದೀಪವನ್ನು ಮಾತ್ರ ಹಣೆಗೆ ಕಟ್ಟಿ, ಹಚ್ಚಿ, ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ, “ಅಡ್ಡಿಯಿಲ್ಲವ್ವ, ಇದೊಂದು ಚಲೋ ಮಾಡ್ಯಾರ,” ಎಂದಳು. ಆ ಇಡೀ ಯೋಜನೆಯಲ್ಲಿ ಕೌದಿಯನ್ನು ಉಳಿಸಿದ ತಂತ್ರಜ್ಞಾನ ಅದೊಂದೇ. ಅದನ್ನು ಅವರು ಪುಸ್ತಕ, ಪೆನ್ನಿನ ಜೊತೆ ಬಿಟ್ಟಿಯಾಗಿ ಕೊಟ್ಟಿದ್ದರು.

ದೀಪಾವಳಿ ಮುಗಿದ ವಾರ ಅವ್ವನ ಕೌದಿ ಮುಗಿಯುತ್ತ ಬಂತು. ನಡುವೆ ಕರಿ ಚಂದ್ರಕಾಳಿ ಸೀರೆ, ಸುತ್ತಲೂ ಹಸಿರು, ಕಂದು ಇಳಕಲ್ಲ ಸೀರೆಗಳು, ಅಂಚಿಗೆ ಹರಿದ ಸೆರಗಿನ ಕೆಂಪು. ಅವ್ವ ಅಡುಗೆಮನೆಯಿಂದ ಪಡಸಾಲೆಗೆ ಓಡಾಡುವುದೇ ಕಣ್ಣಿಗೆ ಕಟ್ಟಿತು. ನನಗೆ ಅಳು ಬಂತು, ಚಿಗವ್ವ ನೋಡಿಯೂ ನೋಡದ ಹಾಗೆ ದಾರ ಕಡಿದಳು. ಬಾಯಿ ಮುಚ್ಚುವುದು ಸೋಮವಾರ ಎಂದು ನಿಶ್ಚಯವಾಯಿತು. ಶನಿವಾರ ಸಂರಕ್ಷಕನ ಕಾರು ನಮ್ಮ ಬಾಗಿಲಿಗೆ ಬಂತು.

ಕೌದಿ ನೋಡಿದ್ದೇ ತಡ, “ವಾವ್, ವಾವ್,” ಎಂದು ಅದರ ಸುತ್ತ ಮೂರು ಸುತ್ತು ಹಾಕಿದ. “ಮೇಡಂ, ಸಿಂದಗಿಯಲ್ಲಿ ನಮ್ಮ ದೊಡ್ಡ ಸ್ಕ್ಯಾನರ್ ಸೆಟ್ ಆಗಿದೆ. ಇವತ್ತೇ ಕಳಿಸಿಕೊಡಿ. ಎಂಟೇ ದಿನ. ನಿಮ್ಮ ತಾಯಿಯವರ ಕೌದಿಯನ್ನು ಇಡೀ ಜಗತ್ತು ನೋಡುತ್ತೆ.”

ಚಿಗವ್ವ ಕೌದಿಯ ಮೇಲೆ ಎರಡೂ ಕೈ ಊರಿ ಕೂತಳು. “ಅಕ್ಕೋರ, ಬಾಯಿ ತೆರದೈತ್ರಿ. ಸೋಮಾರ ತನಕ ತಡೀರಿ. ತುತ್ತಿಟ್ಟು ಮುಚ್ಚತೇನಿ, ಆಮ್ಯಾಲ ಎಲ್ಲಿಗರೆ ಒಯ್ಯಲಿ. ಹಸದದ್ದನ್ನ ಮನಿ ಬಿಟ್ಟು ಕಳಸಬಾರದ್ರಿ.”

“ಎಂಟು ದಿನದಾಗ ಬರ್ತದ ಚಿಗವ್ವಾ. ಬಂದ ಮ್ಯಾಲ ಮುಚ್ಚಿದ್ರಾತು. ಬಟ್ಟಿಗೇನು ಹಸಿವಿ ಇರ್ತದೇನು?” ಎಂದೆ. ಕೊರಳಲ್ಲಿ ಪಟ್ಟಿ ಬೇರೆ ಇತ್ತು. ಇಡೀ ಜಗತ್ತು ನೋಡುತ್ತದೆ ಎಂದರೆ ಸುಮ್ಮನೆಯೇ? ಅವ್ವನ ಹೆಸರು, ಪಕ್ಕದಲ್ಲಿ ನನ್ನ ಹೆಸರು. ಚಿಗವ್ವ ನನ್ನ ಮುಖ ನೋಡಿದಳು, ಕೈ ತೆಗೆದಳು, ತನ್ನ ಬುತ್ತಿಯ ಗಂಟು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಒಳಗೆ ಪೂಜೆ ಮುಗಿಸಿ ಬಂದ ಅಪ್ಪನಿಗೆ ಹೇಳಿದೆ. “ಎಂಟು ದಿನ ಅಂದ್ರ ಎಂಟು ದಿನ,” ಎಂದಷ್ಟೇ ಅಂದರು.

ಎಂಟು ದಿನವಾಯಿತು, ಹದಿನೈದಾಯಿತು, ತಿಂಗಳಾಯಿತು. ಫೋನು ಮಾಡಿದರೆ ಹಾಡಿದ್ದೇ ಹಾಡು: “ಪ್ರೊಸೆಸಿಂಗ್ ನಡೀತಿದೆ ಮೇಡಂ.” ವಾಟ್ಸಾಪ್ ಗುಂಪಿನಲ್ಲಿ ಮಾತ್ರ ದಿನಬೆಳಗಾದರೆ ಹೂವು, ಚಪ್ಪಾಳೆ, ‘ನಮ್ಮ ಪರಂಪರೆ ನಮ್ಮ ಹೆಮ್ಮೆ’. ಒಂದು ದಿನ ಅವ್ವನ ಕೌದಿಯ ಚಿತ್ರ ಬಂತು, ಅದರ ಮೇಲೆ ಯಾವುದೋ ತೆಳ್ಳನೆಯ ಹುಡುಗಿ ಕೂತು ಕಾಫಿ ಕುಡಿಯುತ್ತಿದ್ದಳು. ಕೌದಿಯ ಮೇಲಲ್ಲ, ಕೌದಿಯ ಚಿತ್ರವನ್ನು ಅಚ್ಚು ಹಾಕಿದ ಸೋಫಾದ ಮೇಲೆ. ಇನ್ನೂರು ಮಂದಿಯ ಹೆಬ್ಬೆರಳು ಅದರ ಕೆಳಗೆ. ಥೂ ಇವರ!

ಅಷ್ಟರಲ್ಲಿ ಥಂಡಿ ಬಿತ್ತು. ನಮ್ಮ ಕಡೆಯ ಥಂಡಿ ತೊಗರಿ ಕಾಯಿ ಬಲಿಯುವಾಗ ಶುರುವಾಗಿ ಎಲುಬಿಗೇ ಇಳಿಯುತ್ತದೆ. ಅಪ್ಪ ಧೋತರವನ್ನು ಎರಡು ಮಡಿಕೆ ಮಾಡಿ ಹೊದ್ದುಕೊಳ್ಳುತ್ತಿದ್ದರು. ಅಟ್ಟದಿಂದ ಬೇರೆ ಕೌದಿ ಇಳಿಸಿ ಮೈಮೇಲೆ ಹಾಕಿದರೆ ಬೆಳಗ್ಗೆ ಅದು ಕಾಲ ಬಳಿ ಅಚ್ಚುಕಟ್ಟಾಗಿ ಮಡಚಿ ಇಟ್ಟಿರುತ್ತಿತ್ತು. ಕೆಮ್ಮು ಹತ್ತಿತು. ಡಾಕ್ಟರು ಎದೆ ನೋಡಿ, ಈ ವಯಸ್ಸಿಗೆ ಕಫ ಕಟ್ಟಿದರೆ ಕಷ್ಟ, ಬೆಚ್ಚಗಿಡಿ ಎಂದರು. ಅಪ್ಪ ಅವರ ಮುಂದೆ ತಲೆಯಾಡಿಸಿದರು, ಮನೆಗೆ ಬಂದು ಮತ್ತೆ ಧೋತರ. ದಿನಾ ಬೆಳಗ್ಗೆ ಒಂದೇ ಪ್ರಶ್ನೆ: “ಕೌದಿ ಬಂತೇನು?” ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಒಂದು ಗುರುವಾರ ಪಕ್ಕದ ಮನೆಯವರನ್ನು ಅಪ್ಪನ ಹತ್ತಿರ ಕೂಡಿಸಿ, ಎರಡು ಬಸ್ಸು ಬದಲಿಸಿ ಸಿಂದಗಿಗೆ ಹೋದೆ. ಮಹಡಿಯ ಮೇಲೊಂದು ಬಾಡಿಗೆ ಹಾಲ್. ಒಳಗೆ ಕಾಲಿಟ್ಟರೆ ಎದುರು ಗೋಡೆಯ ಮೇಲೆ ಅವ್ವನ ಕೌದಿ, ಸುತ್ತ ನಾಲ್ಕು ಲೈಟು. ಕೆಳಗೆ ಚೀಟಿ: ‘ಅನಾಮಿಕ ಜನಪದ ಕಲಾವಿದೆ.’ ಚಿಗವ್ವನ ಹೆಸರು, ಊರು, ಬೆರಳಚ್ಚು ಎಲ್ಲಾ ಬರೆಸಿಕೊಂಡವರು ಇವರೇ. ನಾನೇ ಎದುರು ಕೂತು ಬರೆಸಿದ್ದೆ.

ಸಂರಕ್ಷಕ ನನ್ನನ್ನು ಕಂಡು ಖುಷಿಯಿಂದ ಎದ್ದು ಬಂದ. ದೊಡ್ಡ ಪರದೆಯ ಮೇಲೆ ಕೌದಿಯ ಒಂದು ಹೊಲಿಗೆಯನ್ನು ಹಗ್ಗದಷ್ಟು ದಪ್ಪ ಮಾಡಿ ತೋರಿಸಿದ. “ನೋಡಿ ಮೇಡಂ, ಒಂದೊಂದು ನೂಲೂ ದಾಖಲಾಗಿದೆ. ಇನ್ನು ಇದು ಶಾಶ್ವತ. ಒರಿಜಿನಲ್ ಹಾಳಾದರೂ ಚಿಂತೆಯಿಲ್ಲ.”

“ಇದನ್ನ ಹೊದ್ದುಕೊಳ್ಳಲಿಕ್ಕೆ ಬರ್ತದೇನ್ರಿ?” ಎಂದೆ.

“ಅಂದರೆ?”

“ನಮ್ಮಪ್ಪ ಕೆಮ್ಮಲಿಕತ್ತಾರ. ಈ ನಿಮ್ಮ ಶಾಶ್ವತ ಇರೂದನ್ನ ಅವರ ಮೈಮ್ಯಾಲೆ ಹೊದಿಸಲಿಕ್ಕೆ ಬರ್ತದೇನು ಅಂತ ಕೇಳಿದೆ.”

 ನಾನು ಕುರ್ಚಿ ಎಳೆದುಕೊಂಡು ಹತ್ತಿ ಕೌದಿಯನ್ನು ಗೋಡೆಯಿಂದ ಕಳಚಿದೆ. ಮೂಲೆ ಕೈಗೆ ಸಿಕ್ಕಿತು. ಬಾಯಿ ಮುಚ್ಚಿತ್ತು. ಒತ್ತೊತ್ತಾಗಿ, ಮೂರು ಸಾಲು, ಮಷಿನ್ ಹೊಲಿಗೆ.

“ಅದಾ? ಓಪನ್ ಇತ್ತಲ್ಲ ಮೇಡಂ. ಅಪೂರ್ಣ ಅಂತ ಬಂದರೆ ಸಾಫ್ಟ್‌ವೇರ್ ತಗೊಳ್ಳಲ್ಲ. ಇಲ್ಲೇ ಟೇಲರ್ ಹತ್ತಿರ ಕ್ಲೋಸ್ ಮಾಡಿಸಿದ್ವಿ. ನೀಟಾಗಿ ಬಂದಿದೆ ಅಲ್ವಾ?”

 ಕೊರಳ ಪಟ್ಟಿಯನ್ನು ಚೀಲದಿಂದ ತೆಗೆದು ಅವನ ಟ್ಯಾಬಿನ ಮೇಲೆ ಇಟ್ಟೆ. ಕೌದಿಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲಿಳಿದೆ. ಅವನು ಹಿಂದಿನಿಂದ, “ಮೇಡಂ, ಫೀಡ್‌ಬ್ಯಾಕ್ ಲಿಂಕ್ ಕಳಿಸ್ತೀನಿ, ಐದು ಸ್ಟಾರ್ ಕೊಡಿ,” ಎಂದು ಕೂಗಿದ. ಇಂಥವರಿಗೆ ನಾಚಿಕೆ ಎಂಬುದನ್ನು ಯಾವ ಸ್ಕ್ಯಾನರಿನಲ್ಲಿ ಹುಡುಕಬೇಕೋ ನನಗೆ ತಿಳಿಯದು.

ಹೇಳಿ ಕಳಿಸಿದ್ದೇ ತಡ, ಮರುದಿನ ಬೆಳಗಿನ ಬಸ್ಸಿಗೇ ಚಿಗವ್ವ ಬಂದಳು. ಬೇವಿನ ಮರದ ಕೆಳಗೆ ಕೌದಿ ಹಾಸಿ, ಆ ಮೂರು ಸಾಲಿನ ಮೇಲೆ ಬೆರಳಾಡಿಸಿದಳು. “ಹಸದವ್ರ ಬಾಯಿಗೆ ಕೀಲಿ ಹಾಕ್ಯಾರಲ್ರಿ,” ಎಂದಳು.  ಹಣೆಗೆ ದೀಪ ಕಟ್ಟಿಕೊಂಡು ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. ಮಷಿನ್ ದಾರ ಸುಲಭಕ್ಕೆ ಬಿಡದು. ಬಿಚ್ಚುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂತು. ನಾನು ಅಷ್ಟರಲ್ಲಿ ಬೇಳೆ ರುಬ್ಬಿ, ತುಪ್ಪ ಹಾಕಿ ಹೋಳಿಗೆ ಮಾಡಿದ್ದೆ. ತಪ್ಪು ಮಾಡಿದವರ ಹೋಳಿಗೆಗೆ ತುಪ್ಪ ಸ್ವಲ್ಪ ಹೆಚ್ಚೇ ಇರುತ್ತದೆ.

ತಟ್ಟೆ ಮುಂದಿಟ್ಟರೆ ಚಿಗವ್ವ ಮುಟ್ಟಲಿಲ್ಲ. “ಅಕ್ಕೋರ, ಇದು ವೈನಿಯವ್ರ ಕೌದಿ,” ಎಂದಳು. ನಮ್ಮವ್ವನನ್ನು ಅವಳು ವೈನಿ ಎನ್ನುತ್ತಿದ್ದಳು. “ಇದ್ದವ್ರ ಕೌದಿಗೆ ಏನಿಟ್ರೂ ನಡೀತೈತಿ. ಹೋದವ್ರ ಅರಿವಿಗೆ ಅವ್ರಿಗೆ ಸೇರೂದ ಇಡಬೇಕ್ರಿ. ವೈನಿಗೆ ಏನ್ ಸೇರ್ತಿತ್ತು ಹೇಳ್ರಿ.”

 ಅಪ್ಪನಿಗೆ ಹೆಸರುಬೇಳೆ ಪಾಯಸ ಸೇರುತ್ತದೆ. ನನಗೆ ಶೇಂಗಾ ಹಿಂಡಿ. ಅವ್ವನಿಗೆ? ಅವ್ವ ಬಡಿಸುತ್ತಿದ್ದಳು. ಎಲ್ಲರದೂ ಆದ ಮೇಲೆ ಒಳಗೆ ಹೋಗುತ್ತಿದ್ದಳು, ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಗೆ ಬರುತ್ತಿದ್ದಳು. ನಡುವೆ ಏನು ನಡೆಯುತ್ತಿತ್ತೆಂದು ನಾನು ಯಾವತ್ತೂ ಬಗ್ಗಿ ನೋಡಲಿಲ್ಲ. ಪಡಸಾಲೆಗೆ ಹೋಗಿ ಅಪ್ಪನನ್ನು ಕೇಳಿದೆ. “ನಾವು ಉಂಡದ್ದನ್ನ ಆಕೀನೂ ಉಣ್ತಿದ್ಲು,” ಎಂದರು. ಸ್ವಲ್ಪ ಕೆಮ್ಮಿ, “ಆಕೀ ಉಣ್ಣೂದನ್ನ ನಾ ನೋಡಿಲ್ಲ,” ಎಂದರು. ಅರವತ್ತಕ್ಕೂ ಹೆಚ್ಚು ವರ್ಷದ ಸಂಸಾರ! ಸಂರಕ್ಷಕನ ಅರ್ಜಿಯನ್ನು ನೋಡಿ ನಕ್ಕವಳು ನಾನು. ಅವನಾದರೂ ಆ ಕಾಲಂ ತುಂಬಲು ಏನೋ ಒಂದು ಕೇಳಿದ್ದ.

ಹಿತ್ತಲಿಗೆ ಬಂದು, “ಗೊತ್ತಿಲ್ಲ ಚಿಗವ್ವಾ,” ಎಂದೆ.

“ನನಗ ಗೊತ್ತೈತಿ,” ಎಂದಳು. ತನ್ನ ಬುತ್ತಿಯ ಗಂಟು ಬಿಚ್ಚಿದಳು. ಒಳಗೆ ಒಣಗಿದ ಕಟಕ ಜೋಳದ ರೊಟ್ಟಿ, ಒಂದು ಉಳ್ಳಾಗಡ್ಡಿ. “ಮೊದಲನೇ ವರ್ಸ ನಾ ಉಣ್ಣೂ ಮುಂದ ವೈನಿ ದೂರ ನಿಂತು ನೋಡಿದ್ರು. ಮುಂದಿನ ವರ್ಸ ಸಮೀಪ ಬಂದು ಕುಂತ್ರು. ಅದರ ಮುಂದಿನ ವರ್ಸ, ‘ಒಂದ್ ಚೂರು ಕೊಡವ್ವಾ’ ಅಂದ್ರು. ಆಮ್ಯಾಲ ಬಿಡಲೇ ಇಲ್ಲ. ರಾಯರು ಕಚೇರಿಗೆ ಹೋದ್ಮ್ಯಾಲ, ಪಿಂಚಣಿ ಆದಮ್ಯಾಲ ಅವ್ರು ಮಧ್ಯಾನ ಮಲಗಿದಾಗ, ಇಲ್ಲೇ ಈ ಕಲ್ಲಿನ ಮ್ಯಾಲೆ ಗುದ್ದಿ ಒಡದು, ರೊಟ್ಟಿ ಕೂಡ ಕಟಕಟ ಕಡದು, ಕಣ್ಣಾಗ ನೀರು ಬರೂ ಹಂಗ ನಗ್ತಿದ್ರು. ತುಳಸಿ ಎಲಿ ಅಗದು, ಬಾಯಿ ತೊಳಕೊಂಡು ಒಳಗ ಹೋಗ್ತಿದ್ರು. ವರ್ಸಕ್ಕ ಎಂಟು ದಿನ, ತಂಗಿ. ಅದು ಆಕೀ ಹಬ್ಬ.”

ಎಷ್ಟೋ ವರ್ಷದ ಮೇಲೆ ಅವಳು ನನ್ನನ್ನು ತಂಗಿ ಎಂದಳು. ನಾನು ಅಟ್ಟದ ಮೇಲೆ ಒಟ್ಟಿದ್ದ ಆ ಕೌದಿಗಳನ್ನು ನೆನೆಸಿಕೊಂಡೆ. ಬಂದು ಹೋಗುವ ಮಂದಿಗೆ ಹೊಲಿಸಿದವಲ್ಲ ಅವು.

ಚಿಗವ್ವ ಉಳ್ಳಾಗಡ್ಡಿಯನ್ನು ಅದೇ ಕಲ್ಲಿನ ಮೇಲೆ ಗುದ್ದಿ ಒಡೆದಳು. ಉಗುರಿನಷ್ಟು ಎಸಳು, ಬೆರಳಿನಷ್ಟು ರೊಟ್ಟಿಯ ತುಂಡು ನನ್ನ ಅಂಗೈಗೆ ಹಾಕಿ, “ನೀನ ಇಡು,” ಎಂದಳು. ಕೌದಿಯ ಬಾಯಿಗೆ ಇಟ್ಟೆ. ಅವಳು ಹೊಲಿದು ಮುಚ್ಚಿದಳು. ಆಮೇಲೆ ಇಬ್ಬರೂ ಮಿಕ್ಕ ರೊಟ್ಟಿ, ಉಳ್ಳಾಗಡ್ಡಿ ತಿಂದೆವು. ಹೋಳಿಗೆ ಹಾಗೇ ಉಳಿಯಿತು.

ಊಟವಾಗಿ ಅಡ್ಡಾದ ಅಪ್ಪನ ಮೈಮೇಲೆ ಕೌದಿ ಹೊದಿಸಿದೆ. ಎರಡೂ ಕೈಯಿಂದ ಸವರಿ ನೋಡಿದರು. ಚಂದ್ರಕಾಳಿಯ ಗುರುತು ಹತ್ತಿತು. ಮೂಗಿನ ತನಕ ಎಳೆದುಕೊಂಡವರು ವಾಸನೆ ಹತ್ತಿ ನನ್ನ ಕಡೆ ನೋಡಿದರು.

“ಏನಿಟ್ಟೀರಿ ಇದರಾಗ?”

ಸುಳ್ಳು ಹೇಳಬಹುದಿತ್ತು. “ಕಟಕ ರೊಟ್ಟಿ, ಉಳ್ಳಾಗಡ್ಡಿ. ಅವ್ವಗ ಭಾಳ ಸೇರ್ತಿತ್ತಂತ. ವರ್ಷಾ ಚಿಗವ್ವನ ಕೂಡ ಹಿತ್ತಲದಾಗ ಕೂತು ತಿಂತಿದ್ಲಂತ,” ಎಂದೆ.

ಅಪ್ಪ ಮೈಲಿಗೆಯಾಯಿತೆಂದು ಎದ್ದು ಸ್ನಾನಕ್ಕೆ ಹೋಗುತ್ತಾರೆಂದು ನಾನು ಕಾಯುತ್ತಿದ್ದೆ.

“ಆಕೀ ನನಗ ಒಂದು ಮಾತು ಹೇಳಿದ್ರ, ನಾ ಬ್ಯಾಡ ಅಂತಿದ್ನೇನು?”

“ಹೂಂ. ಅಂತಿದ್ರಿ.”

“ಹೌದು,” ಎಂದರು. “ಅಂತಿದ್ದೆ.”

ಆಮೇಲೆ ಕೌದಿಯನ್ನು ತಿರುವಿ, ಕಾಲ ಕಡೆ ಇದ್ದ ಆ ಮೂಲೆಯನ್ನು ಮುಖದ ಹತ್ತಿರ ತಂದುಕೊಂಡು, ಗೋಡೆಯ ಕಡೆ ಹೊರಳಿ ಮಲಗಿದರು.